ಗುಡ್ಡದ ಬಸ್ಸು

ಇಲ್ಸುನ್ ಅಜ್ಜಿಗೆ ಮೊದಲು ಅನುಮಾನ ಹುಟ್ಟಿದ್ದು ಗಜ್ಜರಿಯಿಂದ. ಹೊಲದಿಂದ ಕಿತ್ತ ಗಜ್ಜರಿಯಲ್ಲಿ ಅಂಗಡಿಯವರು ಬೇಡವೆಂದ ಸೊಟ್ಟಪಟ್ಟವನ್ನೆಲ್ಲ ಅವಳು ಹಿತ್ತಲ ಬಾಗಿಲ ಹತ್ತಿರ ಒಂದು ಚೀಲದಲ್ಲಿ ತುಂಬಿಡುತ್ತಿದ್ದಳು. ಆ ಚೀಲದಿಂದ ವಾರಕ್ಕೆ ಎರಡು ಸಲ ನಾಲ್ಕೈದು ಗಜ್ಜರಿ ಕಾಣೆಯಾಗುತ್ತಿದ್ದವು. ಇಲಿಯಾಗಿದ್ದರೆ ಅಲ್ಲೇ ಕಡಿದು ಚೂರು ಮಾಡಿ ಹೋಗುತ್ತಿತ್ತು, ಆರಿಸಿ ಎತ್ತಿಕೊಂಡು ಹೋಗುತ್ತಿರಲಿಲ್ಲ. ಮಗ ಸಾಂಗ್‌ಚೋಲ್ ಮೀನಿನ ದೋಣಿಯವನು, ತಿಂಗಳಲ್ಲಿ ಇಪ್ಪತ್ತು ದಿನ ಕಡಲ ಮೇಲೆ. ಆರು ವರ್ಷದ ಮೊಮ್ಮಗ ಹಾರಮ್ ಬಿಳಿ ಅನ್ನ ಮತ್ತು ಕಡಲಪಾಚಿಯ ಹಾಳೆ ಬಿಟ್ಟು ಬೇರೆ ಏನನ್ನೂ ಬಾಯಿಗೆ ಹಾಕುವವನಲ್ಲ. ಉಳಿದವಳು ಸೊಸೆ ಬೋಮಿ.

ಸೊಸೆಯೆಂದರೆ ಮೊದಲೇ ಅರ್ಧ ಅನುಮಾನ. ಈ ಸೊಸೆ ಸಮುದ್ರದಾಚೆಯ ದೊಡ್ಡ ನೆಲದಿಂದ ಬಂದವಳು, ಹೀಗಾಗಿ ಉಳಿದ ಅರ್ಧವೂ ತಾನಾಗಿ ಸೇರಿಕೊಂಡಿತ್ತು. ಜೇಜು ದ್ವೀಪದ ಮುದುಕಿಯರು ಆಚೆಯವರನ್ನು ನಂಬುವುದಿಲ್ಲ, ನಂಬಿದರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಸುನ್ ಮೂಗನ್ನೂ ಕಣ್ಣನ್ನೂ ಕೆಲಸಕ್ಕೆ ಹಚ್ಚಿದಳು. ಮಂಗಳವಾರ, ಶುಕ್ರವಾರ ಬೋಮಿಯ ಬೂಟಿನಲ್ಲಿ ಊರಿನ ಕಪ್ಪು ಮಣ್ಣಿನ ಬದಲು ಗುಡ್ಡದ ಕೆಂಪು ಮಣ್ಣು. ತೋಳಿನ ಮೇಲೆ ಹುಲ್ಲಿನ ಎಳೆ. ಒಗೆಯಲು ಹಾಕಿದ ಅಂಗಿಯ ಮೇಲೆ ಮೋಟು ಮೋಟಾದ ತಿಳಿಕಂದು ಕೂದಲು, ಅದು ಮನುಷ್ಯರದ್ದಂತೂ ಅಲ್ಲ.

ಅನುಮಾನದ ಬೆಂಕಿಗೆ ತುಪ್ಪ ಹೊಯ್ಯಲು ನೆರೆಮನೆಯ ಮಾಲ್ಜಾ ಇದ್ದೇ ಇದ್ದಳು. ಊರಿನಲ್ಲಿ ಯಾರ ಮನೆಯ ಒಲೆ ಎಷ್ಟು ಹೊತ್ತಿಗೆ ಹೊತ್ತಿತು ಎಂಬುದೂ ಅವಳಿಗೆ ಗೊತ್ತು.

"ಇಲ್ಸುನ್ ಅಕ್ಕ, ನಿನ್ನ ಸೊಸೆ ಮಂಗಳವಾರ ಎಲ್ಲಿಗೆ ಹೋಗ್ತಾಳೆ?" ಕಲ್ಲುಗೋಡೆಯಾಚೆಯಿಂದ ಮಾಲ್ಜಾ ಕೇಳಿದಳು.

"ಮಗೂನ ಪೇಟೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾಳೆ. ಹಲ್ಲು ನೋವಂತೆ."

"ಪೇಟೆ ಬಸ್ಸು ಕೆಳಗಡೆ ಹೋಗೋದು. ಅವಳು ಹತ್ತಿದ್ದು ಗುಡ್ಡದ ಬಸ್ಸು. ನಮ್ಮ ಅಳಿಯ ಕಣ್ಣಾರೆ ನೋಡಿದಾನೆ. ಗುಡ್ಡದ ಮೇಲೆ ಕುದುರೆ ಲಾಯ ಬಿಟ್ರೆ ಇನ್ನೇನಿದೆ ಹೇಳು?"

"ಕುದುರೆ ಇದಾವೆ."

"ಕುದುರೆ ಇದಾವೆ. ಕುದುರೆ ಮೇಯಿಸೋರೂ ಇದಾರೆ. ನಾನೇನೂ ಹೇಳಲಿಲ್ಲಪ್ಪ. ಗಂಡ ಕಡಲ ಮೇಲೆ ಇದಾನೆ ಅಂತ ಅಷ್ಟೇ."

"ನಿನ್ನ ನಾಲಿಗೆಗೆ ಎಲುಬಿಲ್ಲ ಮಾಲ್ಜಾ."

"ಇದ್ದಿದ್ರೆ ಇಷ್ಟು ಹೊತ್ತಿಗೆ ಸವೆದಿರೋದು ಅಕ್ಕ," ಎಂದು ಮಾಲ್ಜಾ ನಕ್ಕು ಒಳಗೆ ಹೋದಳು.

ಇಲ್ಸುನ್ ಬೈದದ್ದೇನೋ ಬೈದಳು, ಆದರೆ ಮಾತು ಎದೆಯೊಳಗೆ ಇಳಿದಿತ್ತು. ಅವಳು ಅದಕ್ಕೂ ಹೆಚ್ಚು ಹೆದರಿದ್ದು ಬೇರೆ ವಿಷಯಕ್ಕೆ. ಬೋಮಿ ಮಗುವನ್ನು ಬಸ್ಸಿನಲ್ಲಿ, ನಾಲ್ಕು ಜನರ ನಡುವೆ, ತೆರೆದ ಮುಖದಲ್ಲಿ ಕರೆದುಕೊಂಡು ಹೋಗುತ್ತಿದ್ದಾಳೆ.

ಹಾರಮ್ ಮಾತಾಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಬಾಗಿಲ ಚಿಲಕವನ್ನು ಗಂಟೆಗಟ್ಟಲೆ ತಿರುವುತ್ತಿದ್ದ, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿ ನೆಲಕ್ಕೆ ಬೀಳುತ್ತಿದ್ದ. ಎರಡು ವರ್ಷದ ಹಿಂದೆ ಪೇಟೆಯ ವೈದ್ಯರು ಅದಕ್ಕೆ ಆಟಿಸಂ ಎಂದು ಹೆಸರು ಹೇಳಿ ಕಾಗದ ಕೊಟ್ಟರು. ಇಲ್ಸುನ್ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಾಸಿಗೆಗಳ ಕೆಳಗಿಟ್ಟಳು. ಕೇಳಿದವರಿಗೆ, "ಮಾತು ತಡ. ಇವನಪ್ಪನಿಗೂ ಐದು ವರ್ಷಕ್ಕೇ ಮಾತು ಬಂದಿದ್ದು," ಎಂದಳು. ಇದು ಸುಳ್ಳು. ಸಾಂಗ್‌ಚೋಲ್ ಒಂದೂವರೆ ವರ್ಷಕ್ಕೇ ತಲೆ ತಿನ್ನುತ್ತಿದ್ದ. ಮಗು ಎಲ್ಲೋ ಬೆಚ್ಚಿಬಿದ್ದಾಗ ಅದರ ಜೀವ ಹಾರಿಹೋಗಿದೆ ಎಂದು ಜೀವ ಕರೆಯುವ ಶಾಸ್ತ್ರವನ್ನು ಏಳು ಸಲ ಮಾಡಿಸಿದಳು. ಮೊದಲ ಸಲ ಮಗು ಗಂಟೆಯ ಸದ್ದಿಗೆ ನಕ್ಕಿತ್ತು. ಏಳನೆಯ ಸಲ ತಪ್ಪಿಸಿಕೊಂಡು ಓಡಿ ಹೊಸ್ತಿಲಿಗೆ ಬಡಿದು ಹುಬ್ಬು ಒಡೆದುಕೊಂಡಿತು. ಇನ್ನು ಹಿರಿಯರಿಗೆ ಎಡೆ ಇಡುವ ದಿನ, ನೆಂಟರು ಸೇರುವ ಹೊತ್ತಿಗೆ, ಫೋನು ಕೈಗೆ ಕೊಟ್ಟು ಅವನನ್ನು ಹಿಂದಿನ ಉಗ್ರಾಣದಲ್ಲಿ ಕೂರಿಸಿ ಹೊರಗಿನಿಂದ ಅಗಳಿ ಹಾಕುತ್ತಿದ್ದಳು.

ಇದು ಇಲ್ಸುನ್ ಒಬ್ಬಳ ಕ್ರೌರ್ಯ ಎಂದು ಓದುವವರು ತಿಳಿಯಬಾರದು. ಅವಳಿಗೆ ಮೊಮ್ಮಗನೆಂದರೆ ಪ್ರಾಣ. ಆದರೆ ಅವಳ ಅತ್ತೆ ಹಾಗೆ ಮಾಡಿದ್ದಳು, ಅತ್ತೆಯ ಅತ್ತೆಯೂ ಹಾಗೆಯೇ. ನಾಲ್ಕು ಜನಕ್ಕೆ ತೋರಿಸಲಾಗದ ಮಗುವನ್ನು ಮರೆಯಲ್ಲಿಡು, ವಾಸಿಯಾದ ಮೇಲೆ ಹೊರಗೆ ತಾ, ಅಲ್ಲಿಯ ತನಕ ಮದ್ದು ಹುಡುಕು. ಇದೇ ಅವರು ಕಲಿತ ಪಾಠ. ವಾಸಿಯಾಗದಿದ್ದರೆ ಏನು ಮಾಡಬೇಕೆಂದು ಮಾತ್ರ ಯಾವ ಅತ್ತೆಯೂ ಯಾವ ಸೊಸೆಗೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಮಂಗಳವಾರ ಇಲ್ಸುನ್ ಹೊಲಕ್ಕೆ ಹೋಗುವ ಹೂವಿನ ಪ್ಯಾಂಟಿನಲ್ಲೇ, ಬಿಸಿಲ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡು, ಹತ್ತು ಗಂಟೆಯ ಗುಡ್ಡದ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಳು. ಮುಂದೆ ಬೋಮಿ ಮತ್ತು ಹಾರಮ್. ಅವರು ಇಳಿದಾಗ ಇವಳೂ ಇಳಿದು, ಲಾಯದ ಕಲ್ಲುಗೋಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸಂದಿಯಲ್ಲಿ ಕಣ್ಣಿಟ್ಟಳು. ಈಗ ಗಂಡಸು ಬರುತ್ತಾನೆ ಎಂದು ಕಾದಳು.

ಬಂದದ್ದು ಒಂದು ಹೆಣ್ಣು ಕುದುರೆ. ದ್ವೀಪದ ತಳಿಯ ಗಿಡ್ಡ ಕುದುರೆ, ತಿಳಿಕಂದು ಮೈ, ವಯಸ್ಸಾಗಿ ಕಣ್ಣಿನ ಮೇಲೆ ಗುಳಿ ಬಿದ್ದಿತ್ತು. ಅಲ್ಲಿಗೆ ಬರುವ ಮಕ್ಕಳು ಅದಕ್ಕೆ ಗಮ್ಜಾ, ಅಂದರೆ ಆಲೂಗಡ್ಡೆ, ಎಂದು ಹೆಸರಿಟ್ಟಿದ್ದರು. ಹಗ್ಗ ಹಿಡಿದವಳು ಮುನ್ ಎಂಬ ನಲವತ್ತರ ಹೆಂಗಸು, ಹಾರಮ್‌ನಂಥ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಕಲಿಸುವವಳು. ಬೋಮಿ ಚೀಲದಿಂದ ಗಜ್ಜರಿ ತೆಗೆದು ಕುದುರೆಗೆ ತಿನ್ನಿಸಿದಳು. ಕಳ್ಳತನ ಅಲ್ಲಿಗೆ ಪತ್ತೆಯಾಯಿತು.

ಹಾರಮ್‌ನನ್ನು ಕುದುರೆಯ ಮೇಲೆ ಕೂರಿಸಿದರು. ಇಲ್ಸುನ್ ಕಿರುಚಾಟ ಕೇಳಲು ತಯಾರಾದಳು. ತಲೆಗೆ ಬಾಚಣಿಗೆ ತಾಕಿದರೆ ಊರು ಒಂದು ಮಾಡುವ ಮಗು ಅದು. ಆದರೆ ಅವನು ಎರಡೂ ಕೈಯನ್ನು ಕುದುರೆಯ ಜೂಲಿನಲ್ಲಿ ಹುದುಗಿಸಿ, ಬೆನ್ನು ನೆಟ್ಟಗೆ ಮಾಡಿ ಕೂತ. ಕುದುರೆ ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಆಮೇಲೆ ನಿಂತಿತು. ಮುನ್ ಹಗ್ಗ ಎಳೆಯಲಿಲ್ಲ, ಬೋಮಿ ಮಾತಾಡಲಿಲ್ಲ. ಎಲ್ಲರೂ ಏನನ್ನೋ ಕಾಯುತ್ತ ನಿಂತಿದ್ದರು. ಇಲ್ಸುನ್‌ಗೆ ಮಂಡಿ ನೋಯತೊಡಗಿತು.

"ನಡಿ," ಎಂದಿತು ಒಂದು ದನಿ.

ಕುದುರೆ ನಡೆಯಿತು. ಇಲ್ಸುನ್ ಮೊದಲು ಅತ್ತ ಇತ್ತ ನೋಡಿದಳು. ಯಾವುದೋ ಬೇರೆ ಮಗು ಗೋಡೆಯಾಚೆ ಇರಬೇಕು, ಇಲ್ಲವೇ ಆ ಹೆಂಗಸು ತುಟಿ ಅಲುಗಿಸದೆ ಮಾತಾಡುವ ಗಾರುಡಿ ಕಲಿತಿರಬೇಕು. ಕುದುರೆ ಮತ್ತೆ ನಿಂತಿತು. ಈ ಸಲ ಅವಳು ಮೊಮ್ಮಗನ ಬಾಯಿಯನ್ನೇ ನೋಡುತ್ತಿದ್ದಳು. "ನಡಿ." ಮುದುಕಿ ಕೂತಲ್ಲೇ ಅತ್ತುಬಿಟ್ಟಳು.

ಆದರೆ ಅನುಮಾನ ಕಣ್ಣೀರಿನಲ್ಲಿ ತೊಳೆದು ಹೋಗುವ ಕೊಳೆಯಲ್ಲ. ಬೋಮಿ ಮಗುವಿನ ಕೈ ತೊಳೆಸಲು ನಲ್ಲಿಯ ಕಡೆಗೆ ಹೋದದ್ದೇ ತಡ, ಇಲ್ಸುನ್ ಗೋಡೆ ಬಳಸಿ ಬಂದು ಮುನ್ ಎದುರು ನಿಂತಳು.

"ಏನು ತಿನ್ನಿಸಿದೀಯ ನನ್ನ ಮೊಮ್ಮಗನಿಗೆ?"

ಮುನ್ ಗಾಬರಿಯಾಗಲಿಲ್ಲ. "ಏನೂ ತಿನ್ನಿಸಿಲ್ಲ ಅಜ್ಜಿ. ಕುದುರೆ ನಡೀವಾಗ ಅವನ ಮೈಯೂ ಅದರ ಜೊತೆ ತೂಗುತ್ತೆ, ಅದು ಅವನಿಗೆ ಹಿತ. ಅದು ನಿಂತಾಗ, ಮುಂದೆ ಹೋಗಬೇಕು ಅಂದ್ರೆ ಅವನೇ ಏನಾದ್ರೂ ಮಾಡಬೇಕು. ಆರು ತಿಂಗಳು ಕಾಲಲ್ಲಿ ತಟ್ತಿದ್ದ. ಈಗ ಎರಡು ವಾರದಿಂದ ಬಾಯಲ್ಲಿ ಹೇಳ್ತಿದಾನೆ."

"ಹಂಗಾದ್ರೆ ಪೂರ್ತಿ ವಾಸಿ ಯಾವಾಗ?"

"ವಾಸಿ ಆಗೋಕೆ ಇದು ಜ್ವರ ಅಲ್ಲ ಅಜ್ಜಿ. ಅವನು ಇರೋದೇ ಹೀಗೆ. ಅವನ ದಿನ ಸ್ವಲ್ಪ ಸಲೀಸಾಗಬಹುದು, ನಮಗೂ ಅವನು ಸ್ವಲ್ಪ ಅರ್ಥ ಆಗಬಹುದು. ಎಲ್ಲಾ ಮಕ್ಕಳಿಗೂ ಇದು ಒಗ್ಗುತ್ತೆ ಅಂತ ನಾನು ಹೇಳಲ್ಲ."

"ಕಾಯಿಲೆ ಅಲ್ಲ ಅಂತೀಯ, ಬಾಗಿಲಲ್ಲಿ ಚಿಕಿತ್ಸೆ ಅಂತ ಬೋರ್ಡು ಹಾಕಿದೀಯ."

ಮುನ್ ನಕ್ಕಳು. "ಈ ಪ್ರಶ್ನೆ ಯಾರೂ ಕೇಳಿರಲಿಲ್ಲ." ಅರ್ಧ ಗಜ್ಜರಿಯನ್ನು ಇಲ್ಸುನ್ ಅಂಗೈ ಮೇಲಿಟ್ಟಳು. "ನೀವೇ ಕೊಡಿ. ಬೆರಳು ಮಡಚಬೇಡಿ."

ಗಮ್ಜಾ ಮೂತಿ ಚಾಚಿ ತನ್ನ ಬಿಸಿಯುಸಿರನ್ನು ಮುದುಕಿಯ ಅಂಗೈಗೆ ಬಿಟ್ಟು ಗಜ್ಜರಿ ತೆಗೆದುಕೊಂಡಿತು. ತಾನು ಬಂದದ್ದನ್ನು ಸೊಸೆಗೆ ಹೇಳಬಾರದೆಂದು ತಾಕೀತು ಮಾಡಿ ಇಲ್ಸುನ್ ಮುಂದಿನ ಬಸ್ಸಿಗೆ ಓಡಿದಳು.

ಬಸ್ಸಿನಲ್ಲಿ ಕೂತು ಅವಳು ಲೆಕ್ಕ ಹಾಕಿದಳು. ಆ ದ್ವೀಪದಲ್ಲಿ ಹುಟ್ಟಿದವರಿಗಲ್ಲದೆ ಬೇರೆಯವರಿಗೆ ಹೊಳೆಯದ ಲೆಕ್ಕ ಅದು. ಮಂಡಿ ಹಿಡಿದರೆ ಕುದುರೆ ಎಲುಬು, ಬಾಣಂತಿಗೆ ಕುದುರೆ ಎಲುಬು, ಮುಪ್ಪಿಗೆ ಕುದುರೆ ಎಲುಬು. ಒಳ್ಳೆಯದೆಲ್ಲ ಕುದಿಸಿದಾಗಲೇ ಇಳಿಯುವುದು ಎಂದು ಅವಳು ಎಪ್ಪತ್ತು ವರ್ಷ ಕೇಳಿಕೊಂಡು ಬಂದಿದ್ದಳು. ಬೆನ್ನ ಮೇಲೆ ಸುಮ್ಮನೆ ಕೂತರೇ ಒಂದು ಮಾತು ಬಂದಿದೆ. ಹಾಗಿದ್ದರೆ ಒಳಗೆ ಇಳಿದರೆ? ಆ ಹೆಂಗಸು ವಾಸಿಯಾಗುವುದಿಲ್ಲ ಎಂದದ್ದು ಅವಳಿಗೆ ಮೋಸವಾಗಿಯೇ ಕಂಡಿತು. ವಾಸಿಯಾದರೆ ಅವಳ ಹತ್ತಿರ ಯಾರು ಬರುತ್ತಾರೆ?

ಇಲ್ಸುನ್‌ಳ ತಮ್ಮ ಕಿಲ್ಹೋಗೆ ಪೇಟೆಯ ಅಂಚಿನಲ್ಲಿ ಕುದುರೆ ಮಾಂಸದ ಊಟದ ಮನೆಯಿತ್ತು, ಪಕ್ಕದಲ್ಲೇ ಎಲುಬು ಕುದಿಸಿ ಕಷಾಯ ಇಳಿಸುವ ಅಂಗಡಿ. ಅವಳು ಅಲ್ಲಿಗೆ ಹೋದಳು.

"ನಮ್ಮ ಹತ್ರ ಇಳಿಸಿದ್ದೇ ಇದೆಯಲ್ಲ ಅಕ್ಕ, ತಗೊಂಡು ಹೋಗು," ಎಂದ ಕಿಲ್ಹೋ.

"ಯಾವುದೋ ಕುದುರೆದು ಬೇಡ. ಗುಡ್ಡದ ಮೇಲಿನ ಲಾಯದ್ದು, ತಿಳಿಕಂದು ಬಣ್ಣದ ಹೆಣ್ಣು. ಮಗೂಗೆ ಹೊಂದಿರೋದು ಅದೇ."

"ಅದಾ? ಅದಕ್ಕೆ ವಯಸ್ಸಾಗಿದೆ. ಲಾಯದ ಯಜಮಾನ ಚಳಿಗಾಲದಲ್ಲಿ ಅದಕ್ಕೆ ಮೇವು ಹಾಕೋಕೆ ಅಳ್ತಾನೆ. ಬಾಯಿಬಿಟ್ಟು ಕೇಳಿದ್ರೆ ಕೊಡ್ತಾನೆ." ಕಿಲ್ಹೋ ಅಕ್ಕನ ಮುಖ ನೋಡಿದ. "ನಿಜವಾಗ್ಲೂ ಬೇಕಾ?"

ಇಲ್ಸುನ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು.

"ಮೊಮ್ಮಗನಿಗಿಂತ ಕುದುರೆ ಹೆಚ್ಚಾ?" ಎಂದಳು.

ಶುಕ್ರವಾರದ ಸವಾರಿ ಮುಗಿದ ಮೇಲೆ ಕಿಲ್ಹೋ ಕುದುರೆಯನ್ನು ಕೊಂಡೊಯ್ದ, ಭಾನುವಾರ ಡಬ್ಬ ಬಂತು, ಅದರೊಳಗೆ ಎಂಬತ್ತು ಪುಟ್ಟ ಪೊಟ್ಟಣ. ಇಲ್ಸುನ್ ಅದನ್ನು ಉಪ್ಪಿನಲ್ಲಿ ಹುಳಿ ಬರಿಸಿದ ಸೊಪ್ಪಿಡುವ ಫ್ರಿಜ್ಜಿನ ತಳದಲ್ಲಿ ಬಚ್ಚಿಟ್ಟಳು. ಮರುದಿನ ಬೆಳಿಗ್ಗೆ ಬೋಮಿ ಬಟ್ಟೆ ಹರವಲು ಹೋದಾಗ, ಜೇನು ಬೆರೆಸಿ, ಮಗುವನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಮೂಗು ಮುಚ್ಚಿ ಬಾಯಿಗೆ ಹೊಯ್ದಳು. ಹಾರಮ್ ಅರ್ಧ ಕಕ್ಕಿದ. ಉಳಿದರ್ಧ ಒಳಗೆ ಹೋಯಿತೆಂದು ಅವಳು ಸಮಾಧಾನಪಟ್ಟಳು. ಎರಡನೆಯ ದಿನ ಅವನು ಅಜ್ಜಿಯನ್ನು ಕಂಡರೇ ಓಡತೊಡಗಿದ.

ಆ ಎರಡನೆಯ ದಿನವೇ ಮಂಗಳವಾರ. ಬೋಮಿ ಸಂಜೆ ಮನೆಗೆ ಬಂದಾಗ ಮಗುವಿನ ಹಣೆ ಊದಿತ್ತು, ಅವಳ ಮುಂಗೈಯಲ್ಲಿ ಹಲ್ಲಿನ ಗುರುತಿತ್ತು. ಗಮ್ಜಾಳ ಜಾಗ ಖಾಲಿಯಿತ್ತು. ಹಾರಮ್ ಆ ಖಾಲಿ ಬಾಗಿಲ ಮುಂದೆ ಮೂರು ಗಂಟೆ ನಿಂತಿದ್ದ, ಕರೆತರಲು ಹೋದಾಗ ಕಂಬಕ್ಕೆ ತಲೆ ಚಚ್ಚಿಕೊಂಡಿದ್ದ. ಯಜಮಾನ ಅದನ್ನು ಯಾರಿಗೆ ಕೊಟ್ಟನೆಂದು ಮುನ್ ಜಗಳವಾಡಿ ತಿಳಿದು ಬೋಮಿಗೆ ಹೇಳಿದ್ದಳು.

ಬೋಮಿ ಮಗುವನ್ನು ಮಲಗಿಸಿದಳು. ಆಮೇಲೆ ಅಡುಗೆಮನೆಗೆ ಬಂದು ಕಪಾಟುಗಳನ್ನು ಒಂದೊಂದಾಗಿ ತೆರೆದಳು, ಕೊನೆಗೆ ಫ್ರಿಜ್ಜು ತೆರೆದಳು. ಕಿಲ್ಹೋ ಅಂಗಡಿಯ ಹೆಸರಿದ್ದ ಡಬ್ಬವನ್ನು ಎತ್ತಿ ನೆಲದ ಮೇಲಿಟ್ಟಳು.

"ಅತ್ತೆ, ಇದು ಏನು?"

"ಮದ್ದು."

"ಯಾವ ಕುದುರೆದು?"

ಇಲ್ಸುನ್ ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡಳು. "ಅವನಿಗೋಸ್ಕರ ಮಾಡಿದ್ದು," ಎಂದಳು.

"ನೀವು ನನ್ನ ಹಿಂದೆ ಬಂದ ದಿನ ನನಗೆ ಗೊತ್ತಿತ್ತು ಅತ್ತೆ. ಡ್ರೈವರ್ ಕನ್ನಡೀಲಿ ನಿಮ್ಮ ಟೋಪಿ ಕಾಣ್ತಿತ್ತು. ಇಳಿದು ಹೋಗಿ ಅನ್ನಲಿಲ್ಲ ನಾನು. ಬರಲಿ, ಕಣ್ಣಲ್ಲಿ ನೋಡಿದ್ರೆ ಅರ್ಥ ಆಗುತ್ತೆ ಅಂದ್ಕೊಂಡೆ." ಬೋಮಿಯ ದನಿ ಏರಲಿಲ್ಲ. "ಏಳು ಸಲ ಜೀವ ಕರೆಸಿದ್ರಿ. ಸುಮ್ಮನಿದ್ದೆ. ನೆಂಟರು ಬಂದಾಗ ಉಗ್ರಾಣದಲ್ಲಿ ಕೂಡಿಹಾಕಿದ್ರಿ. ಆಗಲೂ ಸುಮ್ಮನಿದ್ದೆ, ಅದು ನನ್ನ ತಪ್ಪು. ಇನ್ನು ಆ ಅಗಳಿ ಹಾಕಿದ ದಿನ ನಾನೂ ಇವನೂ ಈ ಮನೇಲಿ ಇರಲ್ಲ. ನಿಮ್ಮ ಮಗನಿಗೂ ಹೇಳಿದೀನಿ."

"ನಾನು ಅವನಿಗೆ ಕೆಟ್ಟದ್ದು ಮಾಡ್ತೀನಾ?"

"ನೀವು ಒಳ್ಳೇದು ಮಾಡೋಕೆ ಹೋಗೇ ಹಿಂಗಾಗಿರೋದು."

ಶುಕ್ರವಾರ ಬೋಮಿ ಹೊರಟಾಗ ಇಲ್ಸುನ್ ಕೇಳದೆಯೇ ಹಿಂದೆ ಹೊರಟಳು, ಟೋಪಿಯನ್ನು ಕಣ್ಣಿಗೆಳೆಯದೆ. ಮುನ್ ಬೇರೊಂದು ಕುದುರೆಯನ್ನು ತಂದಿದ್ದಳು. ಹಾರಮ್ ಅದರ ಕಡೆ ನೋಡಲೂ ಇಲ್ಲ. ಖಾಲಿ ಜಾಗದ ಮುಂದೆ ಹೋಗಿ ನಿಂತ. ಇಲ್ಸುನ್ ಅವನ ಪಕ್ಕ ನಿಂತಳು. ಅವನ ಬಾಯಿಗೆ ಬಂದಿದ್ದ ಆ ಒಂದು ಮಾತೂ ಹೊರಟುಹೋಗಿತ್ತು.

"ನಾನೇ ಕಣೋ," ಎಂದಳು ಮೊಮ್ಮಗನಿಗೆ. "ನಾನೇ ಅದನ್ನ ಇಲ್ಲದಂಗೆ ಮಾಡಿದ್ದು."

ಅವನು ತಿರುಗಲಿಲ್ಲ. ಇಂಥ ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎಂದುಕೊಳ್ಳುವುದು ನಮಗೆಲ್ಲ ಸುಲಭ. ಮೂರು ಗಂಟೆ ಅವನ ಪಕ್ಕದಲ್ಲಿ ನಿಂತ ಇಲ್ಸುನ್‌ಗೆ ಆ ಸುಲಭದ ದಾರಿಯೂ ಮುಚ್ಚಿಹೋಯಿತು. ಸತ್ತ ಕುದುರೆಗಾಗಿ ಹೀಗೆ ನಿಲ್ಲುವವನು ಉಗ್ರಾಣದ ಒಳಗೆ ಕೂತು ಏನೇನು ಕೇಳಿಸಿಕೊಂಡಿರಬಹುದು ಎಂದು ಅವಳು ಮೊದಲ ಸಲ ಯೋಚಿಸಿದಳು.

ಮೂರು ವಾರ ಹೀಗೇ ಹೋಯಿತು. ಒಂದು ಬುಧವಾರ ಮಧ್ಯಾಹ್ನ ಮಾಲ್ಜಾ ಹಿತ್ತಲ ಬಾಗಿಲಿಗೆ ಬಂದಳು. ಯಾವಾಗಲೂ ಗೋಡೆಯಾಚೆಯಿಂದ ಕೂಗುವವಳು ಮೆಲ್ಲಗೆ ಬಾಗಿಲು ತಟ್ಟಿದ್ದು ನೋಡಿ ಇಲ್ಸುನ್‌ಗೆ ಏನೋ ಮಸಲತ್ತು ಎನಿಸಿತು. ಕುದುರೆಯ ಸುದ್ದಿ ಕೆದಕಿ ಊರಿಗೆ ಹಂಚಲು ಬಂದಿದ್ದಾಳೆ ಎಂದುಕೊಂಡಳು.

"ಅಕ್ಕ, ನಿಮ್ಮ ಕಿಲ್ಹೋ ಹೇಳಿದ. ಅದೇನೋ ಕಷಾಯ ಮಾಡಿಸಿದೀಯಂತೆ. ನನಗೊಂದು ನಾಲ್ಕು ಪೊಟ್ಟಣ ಕೊಡು. ಮಂಡಿ ನೋವು."

"ಅದು ಮಂಡಿದಲ್ಲ."

"ಗೊತ್ತು," ಎಂದಳು ಮಾಲ್ಜಾ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಯಾರಿಗೆ ಮಾಲ್ಜಾ?"

ಮಾಲ್ಜಾ ಗೋಡೆಯ ಕಡೆಗೊಮ್ಮೆ ತಿರುಗಿ ನೋಡಿದಳು. "ದಾನ್ಬಿಗೆ."

ದಾನ್ಬಿ ಅವಳ ಮಗಳ ಮಗಳು, ಒಂಬತ್ತು ವರ್ಷದವಳು. ಸಮುದ್ರದಾಚೆಯ ಬುಸಾನ್ ಪಟ್ಟಣದಲ್ಲಿ ಅಪ್ಪನ ಕಡೆಯ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾಳೆಂದು ಊರಿಗೆಲ್ಲ ಹೇಳಿದ್ದವಳು ಮಾಲ್ಜಾಳೇ. ಪರೀಕ್ಷೆಯಲ್ಲಿ ಮೊದಲು ಬಂದಳೆಂದು ಒಮ್ಮೆ ಅಕ್ಕಿಯ ಸಿಹಿಯನ್ನೂ ಹಂಚಿದ್ದಳು.

"ಬುಸಾನಲ್ಲಿಲ್ವಾ ಅವಳು?"

"ಹಿಂದಿನ ಕೋಣೇಲಿದಾಳೆ. ನಾಲ್ಕು ವರ್ಷ ಆಯ್ತು."

ಮಾಲ್ಜಾ ಊರಿನ ಎಲ್ಲರ ಮನೆ ಹೊಕ್ಕು ಬಂದರೂ ತನ್ನ ಮನೆಯೊಳಗೆ ಯಾರನ್ನೂ ಕರೆಯದೆ ಇದ್ದದ್ದು ಯಾಕೆಂದು ಇಲ್ಸುನ್‌ಗೆ ಈಗ ತಿಳಿಯಿತು. ಇಡೀ ಊರು ಅವರಿವರ ಸೊಸೆಯರ ಬೂಟು ನೋಡುತ್ತಿರುವ ತನಕ ಅವಳ ಹಿಂದಿನ ಕೋಣೆಯನ್ನು ಯಾರೂ ನೋಡುವಂತಿರಲಿಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ತನ್ನದೇ ಮುಖವನ್ನು ಎದುರಿಗಿಟ್ಟಂತಾಯಿತು ಅವಳಿಗೆ.

ಅವಳು ಒಳಗೆ ಹೋಗಿ ಡಬ್ಬ ತಂದಳು. ಮಾಲ್ಜಾ ಸೆರಗಿಲ್ಲದ ಬಡವಿಯಂತೆ ಎರಡೂ ಕೈ ಒಡ್ಡಿದಳು. ಇಲ್ಸುನ್ ಬಚ್ಚಲ ಮೋರಿಯ ಹತ್ತಿರ ಕೂತು, ಗಜ್ಜರಿಯ ತಲೆ ಕತ್ತರಿಸುವ ಚಾಕುವಿನಿಂದ ಪೊಟ್ಟಣಗಳನ್ನು ಒಂದೊಂದಾಗಿ ಸೀಳಿ ಮೋರಿಗೆ ಸುರಿಯತೊಡಗಿದಳು.

"ಹುಚ್ಚು ಹಿಡೀತಾ ನಿನಗೆ?" ಮಾಲ್ಜಾ ಕೈ ಹಿಡಿದಳು. "ನಾಲ್ಕು ಕೊಡೇ. ಒಂದಾದ್ರೂ ಕೊಡೇ."

"ಇದರಲ್ಲಿ ಏನೂ ಇಲ್ಲ ಮಾಲ್ಜಾ. ಇದ್ದಿದ್ದೆಲ್ಲ ಅದು ಬದುಕಿದ್ದಾಗ ಇತ್ತು." ಇಲ್ಸುನ್‌ಳ ಕೈಗೆ ಜಿಡ್ಡು ಮೆತ್ತಿತ್ತು, ಕಣ್ಣಿನಿಂದ ನೀರು ಸುರಿಯುತ್ತಿತ್ತು. "ನಾನು ತಿಳೀದೆ ಕೊಂದೆ. ಮೊಮ್ಮಗನ ಬಾಯಿಗೇ ಅದನ್ನ ಹೊಯ್ದೆ. ನೀನೂ ಹೊಯ್ಯಬೇಡ. ನಾಡಿದ್ದು ಶುಕ್ರವಾರ, ಹತ್ತು ಗಂಟೆ ಬಸ್ಸಿಗೆ ಅವಳನ್ನ ಕರ್ಕೊಂಡು ಬಾ."

"ಅಲ್ಲಿ ಹೋದ್ರೆ ಸರಿಹೋಗ್ತಾಳಾ?"

"ಗೊತ್ತಿಲ್ಲ. ಕುದುರೆ ಅವಳಿಗೆ ಒಗ್ಗುತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಬಿಸಿಲಿಗಾದ್ರೂ ಬರ್ತಾಳೆ."

"ಊರೆಲ್ಲ ನೋಡುತ್ತೆ."

"ಊರು ಅಂದ್ರೆ ಯಾರೇ? ನೀನೇ ತಾನೇ?"

ಮಾಲ್ಜಾ ಎದ್ದು ಹೋದಳು.

ಶುಕ್ರವಾರ ಬಸ್ ನಿಲ್ದಾಣದಲ್ಲಿ ಇಲ್ಸುನ್, ಬೋಮಿ, ಹಾರಮ್ ಮೂವರೂ ನಿಂತಿದ್ದರು. ಬೆಂಚಿನ ಮೇಲೆ ಪೇಟೆಗೆ ಹೋಗುವ ಮೂವರು ಮುದುಕಿಯರು ಚೀಲ ಹರಡಿಕೊಂಡು ಕೂತಿದ್ದರು. ಹತ್ತಕ್ಕೆ ಐದು ನಿಮಿಷವಿತ್ತು. ಬರುವುದಿಲ್ಲ ಎಂದುಕೊಂಡಳು ಇಲ್ಸುನ್. ಬಂದರೂ ಏನಾದರೊಂದು ಸುಳ್ಳು ಕಟ್ಟಿಕೊಂಡೇ ಬರುತ್ತಾಳೆ, ಬುಸಾನಿನಿಂದ ರಜಕ್ಕೆ ಬಂದಿದ್ದಾಳೆ ಎನ್ನುತ್ತಾಳೆ ಎಂದುಕೊಂಡಳು.

ಓಣಿಯ ತಿರುವಿನಲ್ಲಿ ಮಾಲ್ಜಾ ಕಾಣಿಸಿದಳು. ಅವಳ ಕೈಯಲ್ಲಿ ಒಂದು ತೆಳ್ಳನೆಯ ಕೈಯಿತ್ತು. ಹುಡುಗಿಯ ಮೈ ಸುಣ್ಣದಂತೆ ಬಿಳಿಚಿತ್ತು, ಕಾಲಿನ ಚಪ್ಪಲಿ ಹೊಸದು, ನಡೆದು ಅಭ್ಯಾಸವಿಲ್ಲದೆ ಹೆಜ್ಜೆ ಹೆಜ್ಜೆಗೂ ತಡವರಿಸುತ್ತಿದ್ದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ, ಒಂದೇ ರಾಗದಲ್ಲಿ ಮೂಗಿನಿಂದ ಗುಂಯ್‌ಗುಟ್ಟುತ್ತ ಬರುತ್ತಿದ್ದಳು. ಬೆಂಚಿನ ಮೇಲಿನ ಮಾತು ನಿಂತಿತು.

"ಇದು ಯಾರ ಮಗು ಮಾಲ್ಜಾ?" ಎಂದಳು ಒಬ್ಬಳು.

ಮಾಲ್ಜಾ ಬಾಯಿ ತೆರೆದಳು. ಯಾರ ಮನೆಯ ವಿಷಯಕ್ಕೂ ತಡವರಿಸದ ಬಾಯಿ ಅದು. ಅವಳು ಇಲ್ಸುನ್ ಕಡೆ ನೋಡಿದಳು. ಇಲ್ಸುನ್ ನಡುವೆ ಬಾಯಿ ಹಾಕಲಿಲ್ಲ. ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿದ್ದು ಕೇಳಿಸಿತು.

"ನನ್ನ ಮೊಮ್ಮಗಳು ದಾನ್ಬಿ," ಎಂದಳು ಮಾಲ್ಜಾ. "ಬುಸಾನಲ್ಲಿ ಇರಲಿಲ್ಲ. ನಮ್ಮ ಮನೇಲೇ ಇದ್ದಳು. ನಾಲ್ಕು ವರ್ಷ ನಾನೇ ಬೀಗ ಹಾಕಿಟ್ಟಿದ್ದೆ."

ಕೇಳಿದ ಮುದುಕಿ ದಾನ್ಬಿಯ ಚಪ್ಪಲಿಯನ್ನು ನೋಡಿದಳು, ಹಾರಮ್‌ನನ್ನು ನೋಡಿದಳು. ಆಮೇಲೆ ಬೆಂಚಿನ ಮೇಲಿದ್ದ ತನ್ನ ಚೀಲವನ್ನು ಕೆಳಗಿಟ್ಟು, ಮಗು ಕೂರುವಷ್ಟು ಜಾಗ ಬಿಟ್ಟು ಸರಿದಳು.